ಕಾಲನಿಷ್ಠ ಗಣಕವ್ಯವಸ್ಥೆಯಲ್ಲಿ ನೂತನಾಜ್ಞಾಯೋಜನೆ

ಗಣಕಯಂತ್ರವೆಂಬ ಮಾತನ್ನು ಕೇಳಿದೊಡನೆ ತೆರೆಯೂ ಕೀಲಿಮಣೆಯೂ ಉಳ್ಳ ಮೇಜಿನ ಯಂತ್ರವು ಮನಸ್ಸಿಗೆ ಬರುವುದು ಸಹಜ. ಆದರೆ ಇಂದು ಲೋಕದಲ್ಲಿ ಕೆಲಸಮಾಡುತ್ತಿರುವ ಗಣಕಗಳಲ್ಲಿ ಅಧಿಕಾಂಶವು ಕಣ್ಣಿಗೆ ಕಾಣಿಸದಂಥವು. ನೀರೆತ್ತುವ ಪಂಪು, ವಾಹನದ ಬ್ರೇಕು, ಮನೆಯ ವಿದ್ಯುನ್ಮಾಪಕ, ರೋಗಿಯ ಮಂಚದ ಪಕ್ಕದ ಔಷಧಯಂತ್ರ, ಇವುಗಳ ಒಡಲಿನಲ್ಲಿ ಬೆರಳಿನ ಉಗುರಿನಷ್ಟು ಗಾತ್ರದ ಗಣಕವೊಂದು ಹುದುಗಿಕೊಂಡು ತನಗೆ ವಿಧಿಸಿದ ಕೆಲಸವನ್ನು ಹಗಲಿರುಳೂ ನಡೆಸುತ್ತಿರುವುದು. ಇಂಥದನ್ನು ಅಂತರ್ಗತ ಗಣಕವೆಂದು ಕರೆಯಬಹುದು. ಇದರ ಕಾರ್ಯಗಳನ್ನು ಕಾಲಕ್ಕೆ ಸರಿಯಾಗಿ ನಡೆಸುವ ಮೂಲವ್ಯವಸ್ಥೆಗೆ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಂ ಎಂದು ರೂಢನಾಮ. ಪ್ರಕೃತ ಲೇಖನದಲ್ಲಿ ಇದನ್ನು ಕಾಲನಿಷ್ಠ ವ್ಯವಸ್ಥೆಯೆಂದು ವ್ಯವಹರಿಸಲಾಗಿದೆ. ಈ ವ್ಯವಸ್ಥೆಗೆ ಮನುಷ್ಯನು ಮಾತಿನ ಮೂಲಕ ಆಜ್ಞೆಕೊಡುವ ದ್ವಾರವೇ ಷೆಲ್. ಷೆಲ್ಲಿಗೆ ಹುಟ್ಟಿನಿಂದ ತಿಳಿದಿರುವ ಆಜ್ಞೆಗಳು ಕೆಲವೇ. ಯಂತ್ರವನ್ನು ಕಟ್ಟುವವನು ತನಗೆ ಬೇಕಾದ ಹೊಸ ಆಜ್ಞೆಗಳನ್ನು ಅದಕ್ಕೆ ಕಲಿಸುವ ಕ್ರಮವೆಂತು, ಅದರಲ್ಲಿ ಅಡಗಿರುವ ಅಪಾಯಗಳಾವುವು, ಆ ಆಜ್ಞೆಗಳಿಗೆ ಕನ್ನಡದ ಹೆಸರುಗಳು ಸಲ್ಲುವುವೇ ಎಂಬಿವು ಇಲ್ಲಿಯ ವಿಚಾರ. ಶಬ್ದವನ್ನು ಗಣಕ್ಕೆ ಸೇರಿಸುವ, ವಿಧಿವಾಕ್ಯವನ್ನು ವಿಂಗಡಿಸುವ ಅಭ್ಯಾಸವುಳ್ಳ ವಿದ್ವಾಂಸರಿಗೆ ಇದು ತೀರ ಪರಕೀಯವಾಗಿ ತೋರಲಾರದು.

ಬೆಂಗಳೂರಿನ ಉತ್ತರಭಾಗದಲ್ಲಿ ಈ ವಿದ್ಯೆಗೆ ಅನುಕೂಲವಾದ ನೆಲವು ಹಿಂದಿನಿಂದಲೇ ಸಿದ್ಧವಾಗಿತ್ತು. ಯಶವಂತಪುರಕ್ಕೆ ಸಮೀಪದ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1954ರಲ್ಲಿ ಸ್ಥಾಪಿತವಾಯಿತು. ಅದೇ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಕೈಗಡಿಯಾರಗಳ ಕಾರ್ಖಾನೆಯನ್ನು ತೆರೆದಿತ್ತು. ಈಗ ಹೆಬ್ಬಾಳ ನಾಗವಾರಗಳ ನಡುವಣ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿಯೂ, ಯಲಹಂಕದ ಸುತ್ತಣ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿಯೂ ಅಂತರ್ಗತ ಗಣಕವು ನಿತ್ಯಪಾಠದ ವಿಷಯವಾಗಿದೆ. ಒಂದು ಮಾತು ಪ್ರಾಸಂಗಿಕ: ಆರ್.ಟಿ. ನಗರದ ಹೆಸರಿನಲ್ಲಿರುವ ಎರಡು ಅಕ್ಷರಗಳು ರವೀಂದ್ರನಾಥ ಠಾಕೂರರವು, ಆರ್.ಟಿ.ಓ.ಎಸ್. ಎಂಬಲ್ಲಿ ಕಾಣುವ ಅವೇ ಅಕ್ಷರಗಳು ರಿಯಲ್ ಟೈಮ್ ಎಂಬುದರ ಸಂಕ್ಷೇಪ. ಬರೆಹವು ಒಂದಾಗಿದ್ದು ಅರ್ಥವು ಎರಡಾಗುವ ಈ ತೊಡಕು ಆಜ್ಞೆಗಳ ನಾಮಕರಣದಲ್ಲಿಯೂ ಎದುರಾಗುವುದು.

ಕಾಲನಿಷ್ಠತೆಯೆಂದರೆ ವೇಗವೆಂದು ಭ್ರಮಿಸುವವರು ಉಂಟು. ಅದು ಸರಿಯಲ್ಲ. ಗಡಿಯಾರವು ಕಾಲವನ್ನು ತೋರಿಸುವುದಷ್ಟೇ. ಕಾಲನಿಷ್ಠ ವ್ಯವಸ್ಥೆಯಾದರೋ ಕಾಲಕ್ಕೆ ಅಧೀನವಾಗಿ ನಡೆಯತಕ್ಕದ್ದು. ಸಂಧ್ಯಾಕಾಲವು ಮೀರಿದ ಬಳಿಕ ಮಾಡಿದ ಸಂಧ್ಯೆಗೆ ಪ್ರಾಯಶ್ಚಿತ್ತಾರ್ಘ್ಯವು ಹೇಗೆ ಬೇಕಾಗುವುದೋ ಹಾಗೆ ಇಲ್ಲಿಯೂ ಸರಿಯಾದ ಫಲವು ಅಕಾಲದಲ್ಲಿ ದೊರೆತರೆ ಅದು ದೋಷವೇ ಸರಿ. ಹತ್ತು ಮಿಲಿಸೆಕೆಂಡಿನೊಳಗೆ ಬ್ರೇಕು ಹಿಡಿಯಬೇಕಾದಲ್ಲಿ ಹನ್ನೊಂದನೆಯದರಲ್ಲಿ ಹಿಡಿದರೆ ಲೆಕ್ಕವು ತಪ್ಪಿದಂತೆಯೇ. ಆದಕಾರಣ ಈ ವ್ಯವಸ್ಥೆಯಲ್ಲಿ ಕೆಲಸಗಳನ್ನೆಲ್ಲ ಬೇರೆಬೇರೆ ಎಳೆಗಳಾಗಿ ವಿಂಗಡಿಸಿ, ಒಂದೊಂದು ಎಳೆಗೂ ಒಂದೊಂದು ಪದವಿಯನ್ನು ಕೊಟ್ಟಿರುತ್ತಾರೆ. ಮೇಲಿನ ಪದವಿಯ ಎಳೆಯು ಎದ್ದಾಗ ಕೆಳಗಿನದು ಕೈಬಿಟ್ಟು ನಿಲ್ಲುವುದು. ಈ ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟರೆ ಮುಂದಿನದೆಲ್ಲ ಸುಗಮವಾಗುವುದು.

ವಿಷಯವು ಸ್ಪಷ್ಟವಾಗಲೆಂದು ಒಂದು ಯಂತ್ರವನ್ನು ಕಲ್ಪಿಸಿಕೊಳ್ಳಬಹುದು. ಯಲಹಂಕದ ಕೆರೆಯ ಏರಿಯ ಮೇಲೆ ಸಣ್ಣ ಪೆಟ್ಟಿಗೆಯೊಂದನ್ನು ನೆಟ್ಟು, ಅದರೊಳಗೆ ಅಂತರ್ಗತ ಗಣಕವನ್ನಿಟ್ಟಿದೆಯೆನ್ನೋಣ. ನೀರಿನ ಮಟ್ಟವನ್ನು ಅಳೆಯುವುದು, ತೂಬಿನ ಬಾಗಿಲನ್ನು ಮೋಟಾರಿನಿಂದ ಎತ್ತಿ ಇಳಿಸುವುದು, ಬಾಗಿಲು ತುದಿಮುಟ್ಟಿದ ಕ್ಷಣವೇ ಮೋಟಾರನ್ನು ನಿಲ್ಲಿಸುವುದು, ಇವು ಅದರ ಕೆಲಸ. ಹಿಂದಿನ ಕಾಲದಲ್ಲಿ ನೀರುಗಂಟಿಯು ಮಾಡುತ್ತಿದ್ದುದನ್ನೇ ಇದು ಮಾಡುವುದೆನ್ನಬಹುದು. ಆದರೆ ನೀರುಗಂಟಿಯನ್ನು ಕರೆದು ‘ಎಷ್ಟು ನೀರಿದೆಯಪ್ಪ’ ಎಂದು ಕೇಳಬಹುದಾಗಿತ್ತು, ಈ ಪೆಟ್ಟಿಗೆಯನ್ನು ಕೇಳುವ ಬಗೆ ಹೇಗೆ? ಒಂದು ತಂತಿಯ ಮೂಲಕ ಅದಕ್ಕೆ ಬೇರೊಂದು ಗಣಕವನ್ನು ಹೊಂದಿಸಿ, ಅಕ್ಷರಗಳನ್ನು ಕಳಿಸಿ, ಅಕ್ಷರಗಳಲ್ಲಿಯೇ ಉತ್ತರವನ್ನು ಪಡೆಯುವ ಏರ್ಪಾಡು ಬೇಕು. ಆ ಏರ್ಪಾಡೇ ಷೆಲ್. ಅದು ಬಂದ ಸಾಲನ್ನು ತೆರಪುಗಳಲ್ಲಿ ಕತ್ತರಿಸಿ ಪದಗಳಾಗಿ ಮಾಡಿ, ಮೊದಲನೆಯ ಪದವನ್ನು ತನ್ನ ಆಜ್ಞಾಗಣದಲ್ಲಿ ಹುಡುಕಿ, ಸಿಕ್ಕಿದರೆ ಅದಕ್ಕೆ ಸೇರಿದ ಕ್ರಿಯಾಭಾಗವನ್ನು ನಡೆಸುವುದು. ಸಿಕ್ಕದಿದ್ದರೆ ‘ಇಂಥ ಆಜ್ಞೆಯಿಲ್ಲ’ ಎಂದು ಉತ್ತರಿಸುವುದು. ಮಟ್ಟವನ್ನು ಹೇಳುವ ಆಜ್ಞೆಯನ್ನಾಗಲಿ, ತೂಬನ್ನು ತೆರೆಯುವ ಆಜ್ಞೆಯನ್ನಾಗಲಿ ಷೆಲ್ಲನ್ನು ರಚಿಸಿದವರು ಊಹಿಸಿರಲಾರರು. ಅವನ್ನು ಸೇರಿಸುವ ಹೊಣೆಯು ಪೆಟ್ಟಿಗೆಯನ್ನು ಕಟ್ಟುವವನದು.

ಆಜ್ಞೆಯೊಂದರ ಅಂಗಗಳಾವುವೆಂಬುದನ್ನು ಮೀಮಾಂಸಕರ ದೃಷ್ಟಿಯಿಂದ ನೋಡಿದರೆ ವಿವೇಚನೆಯು ಸುಲಭವಾಗುವುದು. ವಿಧಿಯಲ್ಲಿ ಏನನ್ನು, ಯಾವುದರಿಂದ, ಹೇಗೆ ಎಂಬ ಮೂರು ಆಕಾಂಕ್ಷೆಗಳು ಏಳುವುವೆಂದು ಅವರು ಹೇಳುತ್ತಾರೆ. ಷೆಲ್ಲಿನ ಆಜ್ಞೆಯಲ್ಲಿ ಹೆಸರು ಮೊದಲನೆಯದನ್ನು ತಿಳಿಸುವುದು. ಹೆಸರಿನ ಹಿಂದೆ ಬರುವ ಪದಗಳು, ಅಂದರೆ ಎಷ್ಟು ಅಂಗುಲ ಎತ್ತಬೇಕು, ಯಾವ ತೂಬು ಎಂಬ ವಿಶೇಷಗಳು, ಎರಡನೆಯದನ್ನು ಪೂರೈಸುವುವು. ಸಿ ಭಾಷೆಯಲ್ಲಿ ಬರೆದ ಕ್ರಿಯಾಭಾಗವು ಮೂರನೆಯದಾದ ಇತಿಕರ್ತವ್ಯತೆ. ಇವಲ್ಲದೆ ಸಹಾಯವಾಕ್ಯವೆಂಬುದೊಂದುಂಟು. ‘ಈ ಆಜ್ಞೆಯಿಂದ ಇಂಥದಾಗುವುದು’ ಎಂದು ಕೇಳಿದವನಿಗೆ ತಿಳಿಸುವ ಒಂದೆರಡು ಸಾಲು. ಅದು ಸ್ವತಃ ಏನನ್ನೂ ಮಾಡಿಸದೆ ವಿಧಿಯ ಪಕ್ಕದಲ್ಲಿ ನಿಲ್ಲುವುದರಿಂದ ಅರ್ಥವಾದದ ಸ್ಥಾನದಲ್ಲಿದೆಯೆನ್ನಬಹುದು. ಈ ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಯುಕ್ತವಲ್ಲ. ಯಂತ್ರಕ್ಕೆ ಅಪೂರ್ವವೂ ಇಲ್ಲ, ಅಧಿಕಾರಿಯೂ ಇಲ್ಲ.

ಇನ್ನು ಆಜ್ಞೆಯನ್ನು ಗಣಕ್ಕೆ ಸೇರಿಸುವ ಬಗೆ. ಅತ್ಯಂತ ಸರಳವಾದುದು ಷೆಲ್ಲಿನ ಮೂಲಪಾಠವನ್ನೇ ತೆರೆದು, ಅಲ್ಲಿರುವ ಪಟ್ಟಿಯ ಕೊನೆಯಲ್ಲಿ ತನ್ನ ಆಜ್ಞೆಯನ್ನು ಬರೆದುಬಿಡುವುದು. ಇದು ಮೂಲಗ್ರಂಥದ ಓಲೆಯಲ್ಲಿ ತನ್ನ ಸೂತ್ರವನ್ನು ತುರುಕಿದಂತೆ. ಮೂಲಕಾರರು ನಾಳೆ ಪರಿಷ್ಕೃತ ಪಾಠವನ್ನು ಕಳಿಸಿದಾಗ ಸೇರಿಸಿದುದೆಲ್ಲ ಅಳಿಸಿಹೋಗುವುದು, ಇಲ್ಲವೆ ಎರಡು ಪಾಠಗಳೂ ಕಲಸಿ ಯಾವುದು ಮೂಲ ಯಾವುದು ಪ್ರಕ್ಷೇಪವೆಂದು ತಿಳಿಯದಾಗುವುದು. ಪಾಠಾಂತರಗಳೊಡನೆ ಹೆಣಗಿದವರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂಲವನ್ನು ಮುಟ್ಟದೆ ಗಣವನ್ನು ಬೆಳೆಸುವ ಉಪಾಯವೇ ಬೇಕಾದುದು.

ಫ್ರೀಆರ್‌ಟಿಓಎಸ್ ಎಂಬ ವ್ಯವಸ್ಥೆಯ ಆಜ್ಞಾಭಾಗದಲ್ಲಿ ಈ ಉಪಾಯವು ನೋಂದಣಿಯ ರೂಪದಲ್ಲಿದೆ. ಆಜ್ಞೆಯ ಹೆಸರು, ಸಹಾಯವಾಕ್ಯ, ಕ್ರಿಯಾಭಾಗ, ಅಪೇಕ್ಷಿತ ವಿಶೇಷಪದಗಳ ಸಂಖ್ಯೆ ಎಂಬ ನಾಲ್ಕನ್ನು ಒಂದು ಕಟ್ಟಾಗಿ ಕಟ್ಟಿ, ಯಂತ್ರವು ಎಚ್ಚತ್ತೊಡನೆ ಅದನ್ನು ಷೆಲ್ಲಿಗೆ ಒಪ್ಪಿಸಬೇಕು. ಷೆಲ್ ಅದನ್ನು ತನ್ನ ಸರಪಣಿಯ ತುದಿಗೆ ಕೊಂಡಿಹಾಕಿಕೊಳ್ಳುವುದು. ಪದಗಳ ಸಂಖ್ಯೆಯು ಅನಿಯತವಾಗಿದ್ದರೆ ಋಣ ಒಂದು ಎಂದು ಬರೆಯುವುದು ಅಲ್ಲಿಯ ಸಂಕೇತ. ಉತ್ತರವು ಉದ್ದವಾಗಿದ್ದರೆ ಕ್ರಿಯಾಭಾಗವು ತುಣುಕುತುಣುಕಾಗಿ ಹೇಳುತ್ತ, ‘ಇನ್ನೂ ಇದೆ’ ಎಂಬ ಅರ್ಥದ ಸಂಕೇತವನ್ನು ಪ್ರತಿಸಲವೂ ಹಿಂದಿರುಗಿಸುವುದು; ಮುಗಿದಾಗ ‘ಇಲ್ಲ’ ಎಂಬುದನ್ನು. ಸಣ್ಣ ಪಾತ್ರೆಯಿಂದ ದೊಡ್ಡ ಹಂಡೆಯನ್ನು ಬರಿದುಮಾಡುವ ಈ ಜಾಣತನವು ಮೆಚ್ಚತಕ್ಕದ್ದೇ. ಆದರೆ ನೋಂದಣಿಯನ್ನು ಮಾಡಿಸಲು ಮರೆತರೆ ಆಜ್ಞೆಯು ಬರೆದಿದ್ದರೂ ಇಲ್ಲದಂತೆಯೇ. ಎಲ್ಲ ನೋಂದಣಿಗಳನ್ನೂ ಒಂದೆಡೆ ಕರೆಯುವ ಸಾಲುಗಳು ಮತ್ತೊಂದು ಪಟ್ಟಿಯೇ ಆಗಿ ಪರಿಣಮಿಸುವುವು.

ಝೆಫಿರ್ ಎಂಬ ವ್ಯವಸ್ಥೆಯಲ್ಲಿರುವ ಕ್ರಮವು ಇದಕ್ಕಿಂತ ಸೂಕ್ಷ್ಮವಾದುದು. ಯವನರ ಪಶ್ಚಿಮಮಾರುತನ ಹೆಸರನ್ನು ಹೊತ್ತ ಈ ವ್ಯವಸ್ಥೆಯು 2016ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಪ್ರಕಟವಾಯಿತು. ಇದರ ಮೂಲಪಾಠವು ಎಲ್ಲರಿಗೂ ತೆರೆದಿದೆ. ಇಲ್ಲಿ ಆಜ್ಞೆಯನ್ನು ಸೇರಿಸುವವನು ತನ್ನ ಸ್ವಂತ ಕಡತದಲ್ಲಿ ‘ಷೆಲ್_ಸಿಎಂಡಿ_ರಿಜಿಸ್ಟರ್’ ಎಂಬ ಸಂಕ್ಷೇಪಸೂತ್ರವನ್ನು ಒಂದೇ ಸಲ ಬರೆದರೆ ಸಾಕು. ಹೆಸರು, ಉಪಾಜ್ಞೆಗಳ ಗಣ, ಸಹಾಯವಾಕ್ಯ, ಕ್ರಿಯಾಭಾಗ, ಇವು ಅದರ ನಾಲ್ಕು ಪದಗಳು. ಷೆಲ್ಲಿನ ಕಡತವನ್ನು ತೆರೆಯುವಂತಿಲ್ಲ, ಯಾರಿಗೂ ಒಪ್ಪಿಸುವಂತಿಲ್ಲ, ಎಲ್ಲಿಯೂ ಪಟ್ಟಿಯಿಲ್ಲ. ಹಾಗಾದರೆ ಷೆಲ್ಲಿಗೆ ಈ ಆಜ್ಞೆಯು ತಿಳಿಯುವುದೆಂತು ಎಂಬ ಶಂಕೆಯು ಏಳುವುದು.

ಇದಕ್ಕೆ ಸಮಾಧಾನವು ಪಾಣಿನೀಯರಿಗೆ ಪರಿಚಿತವಾದ ಜಾತಿಯದು. ಗಣಪಾಠದಲ್ಲಿ ಕೆಲವು ಗಣಗಳು ಇಷ್ಟೇ ಶಬ್ದಗಳೆಂದು ಎಣಿಸಿ ಮುಗಿಸಿದವು. ಇನ್ನು ಕೆಲವು ಆಕೃತಿಗಣಗಳು. ಅವುಗಳಲ್ಲಿ ಪಠಿಸದ ಶಬ್ದವಾದರೂ ಆಕೃತಿಯು ಒಪ್ಪಿದರೆ ಒಳಗೆ ಸೇರುವುದು, ಸೂತ್ರವನ್ನು ತಿದ್ದಬೇಕಾಗಿಲ್ಲ. ಝೆಫಿರ್‌ನ ಆಜ್ಞಾಗಣವು ಇಂಥ ಆಕೃತಿಗಣವೇ. ಮೇಲೆ ಹೇಳಿದ ಸಂಕ್ಷೇಪಸೂತ್ರವು ಆಜ್ಞೆಯನ್ನು ನಿಯತವಾದ ಆಕೃತಿಯಲ್ಲಿ ಎರಕಹೊಯ್ದು, ಅದರ ಮೇಲೆ ಒಂದು ವಿಭಾಗದ ಗುರುತನ್ನು ಒತ್ತುವುದು. ಕಾರ್ಯಕ್ರಮದ ಕಡತಗಳೆಲ್ಲ ಬೇರೆಬೇರೆಯಾಗಿ ಯಂತ್ರಭಾಷೆಗೆ ತಿರುಗಿದ ಮೇಲೆ, ಅವನ್ನೆಲ್ಲ ಒಂದು ಗ್ರಂಥವಾಗಿ ಕಟ್ಟುವ ಲಿಂಕರ್ ಎಂಬ ಉಪಕರಣವು ಅದೇ ಗುರುತುಳ್ಳ ತುಂಡುಗಳನ್ನೆಲ್ಲ ಹುಡುಕಿ, ಹೆಸರಿನ ಅಕ್ಷರಕ್ರಮದಲ್ಲಿ ಒಂದರ ಪಕ್ಕದಲ್ಲೊಂದನ್ನು ಇರಿಸುವುದು. ಲಿಪಿಕಾರನು ಹತ್ತು ಮನೆಗಳಿಂದ ತಂದ ಓಲೆಗಳಲ್ಲಿ ಒಂದೇ ಮುದ್ರೆಯಿರುವುವನ್ನು ಆಯ್ದು ಒಂದೇ ಕಟ್ಟಿನಲ್ಲಿ ಕಟ್ಟುವಂತೆ. ಷೆಲ್ಲಿಗೆ ಬೇಕಾದುದು ಆ ಕಟ್ಟಿನ ಆರಂಭವೂ ಅಂತ್ಯವೂ ಮಾತ್ರ. ಮೊದಲಿನಿಂದ ಕೊನೆಯವರೆಗೆ ನಡೆದು ಹೆಸರನ್ನು ಹೋಲಿಸಿ ನೋಡುವುದು. ನಡುವೆ ಇರುವವರು ಯಾರೆಂಬುದು ಅದಕ್ಕೆ ಮೊದಲೇ ತಿಳಿದಿರಬೇಕಾಗಿಲ್ಲ. ಇಷ್ಟೆಲ್ಲ ಯಂತ್ರವು ಎಚ್ಚರುವ ಮೊದಲೇ, ಕಟ್ಟುವ ಮನೆಯಲ್ಲಿಯೇ, ಮುಗಿದಿರುವುದರಿಂದ ಓಡುವ ಕಾಲದಲ್ಲಿ ಅದಕ್ಕಾಗಿ ಸ್ಮೃತಿಯ ವ್ಯಯವೂ ಇಲ್ಲ, ಕಾಲದ ವ್ಯಯವೂ ಇಲ್ಲ. ಚೀನದೇಶದಲ್ಲಿ 2006ರಲ್ಲಿ ಆರಂಭವಾದ ಆರ್‌ಟಿ-ಥ್ರೆಡ್ ಎಂಬ ವ್ಯವಸ್ಥೆಯಲ್ಲಿಯೂ ಇದೇ ಯುಕ್ತಿಯು ‘ಎಂಎಸ್‌ಎಚ್_ಸಿಎಂಡಿ_ಎಕ್ಸ್‌ಪೋರ್ಟ್’ ಎಂಬ ಬೇರೆ ಹೆಸರಿನಿಂದ ನಡೆಯುತ್ತಿದೆ.

ಕೆರೆಯ ಪೆಟ್ಟಿಗೆಗೆ ಬಂದರೆ, ‘ಕೆರೆ’ ಎಂಬುದನ್ನು ಮೂಲಾಜ್ಞೆಯಾಗಿಟ್ಟು, ಅದರ ಕೆಳಗೆ ‘ಮಟ್ಟ’, ‘ತೂಬು’ ಎಂಬ ಉಪಾಜ್ಞೆಗಳ ಗಣವನ್ನು ಕಟ್ಟುವುದು ಸಂಪ್ರದಾಯ. ‘ಕೆರೆ ಮಟ್ಟ’ ಎಂದರೆ ಮಟ್ಟವನ್ನು ಹೇಳುವುದು. ‘ಕೆರೆ ತೂಬು 15’ ಎಂದರೆ ಬಾಗಿಲನ್ನು ಹದಿನೈದು ಅಂಗುಲಕ್ಕೆ ತರುವುದು. ಎಷ್ಟು ಪದಗಳು ಅವಶ್ಯ, ಎಷ್ಟು ಐಚ್ಛಿಕ ಎಂಬುದನ್ನು ಆಜ್ಞೆಯನ್ನು ಸೇರಿಸುವಾಗಲೇ ಹೇಳಿಡಬಹುದು. ಎಣಿಕೆಯಲ್ಲಿ ಆಜ್ಞೆಯ ಹೆಸರೂ ಒಂದಾಗಿ ಸೇರುವುದೆಂಬುದನ್ನು ಮರೆಯಬಾರದು. ಸಂಖ್ಯೆಯು ತಪ್ಪಿದರೆ ಷೆಲ್ ತಾನೇ ತಡೆದು ಸಹಾಯವಾಕ್ಯವನ್ನು ಓದಿಸುವುದು, ಕ್ರಿಯಾಭಾಗದವರೆಗೆ ಬಿಡುವುದೇ ಇಲ್ಲ. ಆದರೆ ಪದದ ಸಂಖ್ಯೆಯನ್ನು ಅದು ಕಾಯುವುದೇ ಹೊರತು ಅರ್ಥವನ್ನಲ್ಲ. ‘15’ ಎಂಬುದು ಕ್ರಿಯಾಭಾಗಕ್ಕೆ ಬರುವಾಗ ಸಂಖ್ಯೆಯಲ್ಲ, ಒಂದು ಐದು ಎಂಬ ಎರಡು ಅಕ್ಷರಗಳು. ಅದನ್ನು ಸಂಖ್ಯೆಯಾಗಿ ತಿರುಗಿಸಲು ಸಿ ಭಾಷೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ‘ಎಟುಐ’ ಎಂಬ ಉಪಾಯವು ಅಂಕೆಯಲ್ಲದ ಪದವನ್ನು ಕಂಡರೆ ಸೊನ್ನೆಯೆಂದು ಉತ್ತರಿಸುವುದು. ಅವಸರದಲ್ಲಿ ಯಾರಾದರೂ ಅಂಕೆಗೆ ಬದಲಾಗಿ ಅಕ್ಷರವನ್ನು ಒತ್ತಿದರೆ ಅದೇ ಸೊನ್ನೆಯಾಗಿ, ‘ಬಾಗಿಲನ್ನು ಪೂರ್ತಿ ಮುಚ್ಚು’ ಎಂಬ ಆಜ್ಞೆಯಾಗಿಬಿಡುವುದು! ಪರೀಕ್ಷಿಸಿ ತಿರುಗಿಸುವ ಬೇರೆ ಉಪಾಯಗಳಿವೆ, ಅವನ್ನೇ ಬಳಸತಕ್ಕದ್ದು.

ಕ್ರಿಯಾಭಾಗವನ್ನು ಬರೆಯುವವರು ಅಲಕ್ಷಿಸುವ ಇನ್ನೊಂದು ಸಂಗತಿಯೆಂದರೆ ಅದು ನಡೆಯುವುದು ಷೆಲ್ಲಿನ ಎಳೆಯಲ್ಲಿ, ಷೆಲ್ಲಿಗೆ ಮೀಸಲಾದ ಸ್ಮೃತಿಯಲ್ಲಿ ಎಂಬುದು. ಆ ಎಳೆಗೆ ತಾತ್ಕಾಲಿಕ ಸ್ಥಳವಾಗಿ 2048 ಬೈಟುಗಳನ್ನು ಕೊಟ್ಟಿದ್ದಾಗ, ಕ್ರಿಯಾಭಾಗವು ಒಂದು ದಿನದ ಅಳತೆಗಳನ್ನೆಲ್ಲ ಇಟ್ಟುಕೊಳ್ಳಲು 4000 ಬೈಟುಗಳ ಸಾಲನ್ನು ಅಲ್ಲಿಯೇ ಹಾಸಿದರೆ ಅದು ನೆರೆಯವನ ಸ್ಥಳಕ್ಕೆ ನುಗ್ಗುವುದು. ತಪ್ಪು ಒಂದೆಡೆ, ಯಂತ್ರವು ಕೆಡುವುದು ಮತ್ತೊಂದೆಡೆ. ಹಾಗೆಯೇ ಕ್ರಿಯಾಭಾಗವು ಹಿಂದಿರುಗುವವರೆಗೆ ಷೆಲ್ ಕಿವುಡಾಗಿರುವುದು. ತೂಬಿನ ಬಾಗಿಲು ಏಳಲು ನಾಲ್ವತ್ತು ಸೆಕೆಂಡು ಹಿಡಿಯುವುದಾದರೆ, ಅಷ್ಟು ಹೊತ್ತೂ ಕ್ರಿಯಾಭಾಗವು ಕಾದು ನಿಂತರೆ ‘ನಿಲ್ಲಿಸು’ ಎಂದು ಕೂಗಿದರೂ ಕೇಳುವವರಿಲ್ಲ. ಆದುದರಿಂದ ಕೆಲಸವನ್ನು ಮೋಟಾರಿನ ಎಳೆಗೆ ಒಪ್ಪಿಸಿ, ಒಪ್ಪಿಸಿತೆಂದು ಹೇಳಿ ಹಿಂದಿರುಗುವುದೇ ಸರಿಯಾದ ಮಾರ್ಗ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಅಪಾಯವು ಬೀಗದಿಂದ ಬರುವುದು. ನೀರಿನ ಮಟ್ಟವನ್ನು ಅಳೆಯುವ ಎಳೆಯು ಅಂಕೆಗಳನ್ನು ಬರೆಯುತ್ತಿರುವಾಗಲೇ ಷೆಲ್ಲಿನ ಎಳೆಯು ಅವನ್ನು ಓದಿದರೆ ಅರ್ಧ ಹಳೆಯದೂ ಅರ್ಧ ಹೊಸದೂ ಆದ ಅಂಕೆಯು ಸಿಕ್ಕುವುದು. ಇದನ್ನು ತಪ್ಪಿಸಲು, ಒಬ್ಬರು ಹಿಡಿದಿರುವಾಗ ಇನ್ನೊಬ್ಬರು ಮುಟ್ಟದಂತೆ ಬೀಗವೊಂದನ್ನು ಇಡುತ್ತಾರೆ. ಇಲ್ಲಿಂದ ತೊಡಕು ಮೊದಲಾಗುವುದು. ಪಾಠಶಾಲೆಯಲ್ಲಿ ಒಂದೇ ಒಂದು ಓಲೆಗ್ರಂಥವಿದೆಯೆಂದು ಭಾವಿಸಬೇಕು. ಅದನ್ನು ಅತ್ಯಂತ ಕಿರಿಯ ವಿದ್ಯಾರ್ಥಿಯು ಓದುತ್ತಿದ್ದಾನೆ. ಗುರುಗಳಿಗೆ ಅದು ಒಡನೆಯೇ ಬೇಕಾಗಿದೆ. ಆದರೆ ಹಿಡಿದವನು ಬಿಡುವವರೆಗೆ ಅವರೂ ಕಾಯಬೇಕು. ಅಷ್ಟರಲ್ಲಿ ನಡುವಣ ವಿದ್ಯಾರ್ಥಿಗಳು ಕಿರಿಯನನ್ನು ‘ನೀರು ತಾ, ಸಮಿತ್ತು ತಾ’ ಎಂದು ಅಟ್ಟುತ್ತಾರೆ. ಅವನು ಓದಿ ಮುಗಿಸಲಾರ, ಗ್ರಂಥವನ್ನು ಬಿಡಲಾರ. ಫಲತಃ ನಡುವಣವರ ಚಿಲ್ಲರೆ ಕೆಲಸಕ್ಕಾಗಿ ಗುರುಗಳ ಪಾಠವೇ ತಪ್ಪುವುದು. ಪದವಿಯ ವಿಪರ್ಯಾಸವೆಂದು ಇದನ್ನು ಕರೆಯಬಹುದು. ಷೆಲ್ಲಿನ ಎಳೆಗೆ ಸಾಮಾನ್ಯವಾಗಿ ಕೆಳಗಿನ ಪದವಿಯನ್ನೇ ಕೊಡುತ್ತಾರೆ, ಅದು ನ್ಯಾಯವೂ ಹೌದು. ಆದರೆ ಅದೇ ಕಾರಣದಿಂದ, ಹೊಸ ಆಜ್ಞೆಯೊಂದು ಬೀಗವನ್ನು ಹಿಡಿದಾಗ ಈ ವಿಪರ್ಯಾಸಕ್ಕೆ ಎಡೆಯಾಗುವುದು.

ಇದು ಬರಿಯ ಕಲ್ಪನೆಯಲ್ಲ. 1997ನೆಯ ಇಸವಿ ಜುಲೈ 4ರಂದು ಮಂಗಳಗ್ರಹದ ಮೇಲೆ ಇಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಯು ಕೆಲದಿನಗಳಲ್ಲಿಯೇ ಮತ್ತೆ ಮತ್ತೆ ತಾನಾಗಿ ಆರಿ ಹೊಸದಾಗಿ ಎಚ್ಚರಲಾರಂಭಿಸಿತು. ಅದರಲ್ಲಿದ್ದುದು ವಿಎಕ್ಸ್‌ವರ್ಕ್ಸ್ ಎಂಬ ಕಾಲನಿಷ್ಠ ವ್ಯವಸ್ಥೆ. ಹವೆಯನ್ನು ಅಳೆಯುವ ಕೆಳಪದವಿಯ ಎಳೆಯು ಬೀಗವನ್ನು ಹಿಡಿದಿದ್ದಿತು. ಮಾಹಿತಿಯ ಸಾಗಣೆಯನ್ನು ನೋಡಿಕೊಳ್ಳುವ ಮೇಲ್ಪದವಿಯ ಎಳೆಯು ಅದಕ್ಕಾಗಿ ಕಾಯುತ್ತಿದ್ದಿತು. ನಡುಪದವಿಯ ಸಂಪರ್ಕದ ಎಳೆಯು ನಡುವೆ ಬಂದು ಕಾಲವನ್ನು ತಿಂದಿತು. ಮೇಲಿನ ಎಳೆಯು ತನ್ನ ಗಡುವಿನಲ್ಲಿ ಮುಗಿಸಲಿಲ್ಲವೆಂದು ಕಂಡ ರಕ್ಷಕಭಾಗವು ಯಂತ್ರವನ್ನೆಲ್ಲ ಹೊಸದಾಗಿ ಎಚ್ಚರಿಸುತ್ತಿದ್ದಿತು. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಭೂಮಿಯ ಮೇಲಿದ್ದ ಪ್ರತಿಕೃತಿಯಲ್ಲಿ ಇದೇ ದೋಷವನ್ನು ಮರಳಿ ಉಂಟುಮಾಡಿ ಕಾರಣವನ್ನು ಕಂಡುಹಿಡಿದರು. ಪರಿಹಾರವು ಪಾಠಶಾಲೆಯ ದೃಷ್ಟಾಂತದಲ್ಲಿ ಹೇಳುವುದಾದರೆ ಇಷ್ಟೇ: ಕಿರಿಯನ ಕೈಯಲ್ಲಿ ಗ್ರಂಥವಿದ್ದು ಗುರುಗಳು ಕಾಯುತ್ತಿರುವವರೆಗೆ ಅವನಿಗೂ ಗುರುಗಳ ಪದವಿ, ನಡುವಣವರಾರೂ ಅವನನ್ನು ಕರೆಯುವಂತಿಲ್ಲ. ವಿಎಕ್ಸ್‌ವರ್ಕ್ಸ್‌ನ ಬೀಗದಲ್ಲಿ ಈ ಪದವೀದಾನದ ಸೌಕರ್ಯವು ಮೊದಲೇ ಇದ್ದಿತು, ಆದರೆ ಅದನ್ನು ತೆರೆದಿರಲಿಲ್ಲ.

ಕೋಟ್ಯಂತರ ಮೈಲು ದೂರದಲ್ಲಿರುವ ಯಂತ್ರದಲ್ಲಿ ಅದನ್ನು ತೆರೆದುದು ಹೇಗೆ? ಪ್ರಕೃತಕ್ಕೆ ಮುಖ್ಯವಾದುದು ಇದು. ವಿಎಕ್ಸ್‌ವರ್ಕ್ಸ್‌ನ ಷೆಲ್ ಸಿ ಭಾಷೆಯ ವಾಕ್ಯಗಳನ್ನೇ ನೇರವಾಗಿ ಕೇಳಿ ನಡೆಸಬಲ್ಲದಾಗಿತ್ತು. ಪರೀಕ್ಷೆಯ ಕಾಲಕ್ಕೆಂದು ಇದ್ದ ಈ ಸೌಕರ್ಯವನ್ನು ಅಲ್ಲಿಯವರು ತೆಗೆದುಹಾಕದೆ ನೌಕೆಯಲ್ಲಿ ಉಳಿಸಿಯೇ ಕಳಿಸಿದ್ದರು. ಅದರ ಮೂಲಕ ಸಣ್ಣದೊಂದು ಕಾರ್ಯಕ್ರಮವನ್ನು ಕಳಿಸಿ, ‘ಇಲ್ಲ’ ಎಂದಿದ್ದ ಗುರುತನ್ನು ‘ಹೌದು’ ಎಂದು ಬದಲಿಸಿದರು. ಆ ಬಳಿಕ ದೋಷವು ಮರುಕಳಿಸಲಿಲ್ಲ. ಝೆಫಿರ್‌ನ ಮ್ಯೂಟೆಕ್ಸ್ ಎಂಬ ಬೀಗದಲ್ಲಿ ಪದವೀದಾನವು ಸಹಜವಾಗಿಯೇ ಸೇರಿದೆ. ಆದರೂ ಕ್ರಿಯಾಭಾಗವು ಬೀಗವನ್ನು ಹಿಡಿದು ಅಂಕೆಯನ್ನು ನಕಲುಮಾಡಿಕೊಂಡು ತಕ್ಷಣವೇ ಬಿಟ್ಟು, ಅನಂತರ ನಿಧಾನವಾಗಿ ಮುದ್ರಿಸುವುದು ಶಿಷ್ಟರ ಕ್ರಮ. ಬೀಗವನ್ನು ಹಿಡಿದುಕೊಂಡೇ ಉತ್ತರವನ್ನು ಒಪ್ಪಿಸುತ್ತ ಕೂತರೆ ತಂತಿಯ ನಿಧಾನವೆಲ್ಲ ಯಂತ್ರದ ಮೇಲೆ ಬೀಳುವುದು.

ಆಜ್ಞೆಯು ಎಲ್ಲ ಕಾಲಕ್ಕೂ ಸಲ್ಲುವುದೆಂದು ಇದರಿಂದ ತಿಳಿಯಬಾರದು. ಯಶವಂತಪುರದಾಚೆಯ ಪೀಣ್ಯದಲ್ಲಿರುವ ಇಸ್ಟ್ರಾಕ್ ಕೇಂದ್ರದಿಂದ ಆಕಾಶನೌಕೆಗಳಿಗೆ ಆಜ್ಞೆಗಳು ಹೋಗುವುವು. ಇವು ಷೆಲ್ಲಿನ ಆಜ್ಞೆಗಳಲ್ಲ, ಆದರೂ ಹೆಸರಿಟ್ಟ ವಿಧಿಯನ್ನು ದೂರದ ಯಂತ್ರವು ಕೇಳಿ ನಡೆಸುವುದೆಂಬ ಅಂಶದಲ್ಲಿ ಸಜಾತೀಯ. 2023ನೆಯ ಇಸವಿ ಆಗಸ್ಟ್ 23ರಂದು ಚಂದ್ರಯಾನ-3 ಇಳಿದುದು ಸಂಜೆ 6 ಗಂಟೆ 4 ನಿಮಿಷಕ್ಕೆ. ಅದಕ್ಕೆ ಸುಮಾರು ಇಪ್ಪತ್ತು ನಿಮಿಷ ಮೊದಲು ಸ್ವಯಂಚಾಲಿತ ಅವತರಣವು ಆರಂಭವಾಯಿತು. ಅಲ್ಲಿಂದ ಮುಂದಿನ ನಿರ್ಣಯಗಳೆಲ್ಲ ನೌಕೆಯವೇ. ಚಂದ್ರನಿಗೆ ಮಾತು ಮುಟ್ಟಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು, ಹೋಗಿಬರಲು ಎರಡೂವರೆ ಸೆಕೆಂಡು ಬೇಕು. ಇಳಿಯುವ ಯಂತ್ರದ ಗಡುವುಗಳು ಅದಕ್ಕಿಂತ ಬಹಳ ಚಿಕ್ಕವು. ಗಡುವು ಮಾತಿಗಿಂತ ಚಿಕ್ಕದಾದಲ್ಲಿ ಆಜ್ಞೆಯು ವ್ಯರ್ಥ. ತೂಬಿನ ಬಾಗಿಲು ತುದಿಮುಟ್ಟಿದಾಗ ಮೋಟಾರನ್ನು ನಿಲ್ಲಿಸುವ ಕೆಲಸವನ್ನು ಷೆಲ್ಲಿನ ಆಜ್ಞೆಗೆ ಬಿಡಬಾರದೆಂಬುದಕ್ಕೂ ಇದೇ ಹೇತು.

ಪಾತ್‌ಫೈಂಡರಿನ ಕಥೆಯಿಂದ ಬಾಗಿಲನ್ನು ಯಾವಾಗಲೂ ತೆರೆದಿಡಬೇಕೆಂದು ವಾದಿಸುವವರಿದ್ದಾರೆ. ಆ ವಾದವು ನಿಲ್ಲದು. ಮಂಗಳಗ್ರಹದಲ್ಲಿ ಕಳ್ಳರಿಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ಕಾರ್ಯಕ್ರಮವು ಲೋಕದ ತುಂಬ ಇದ್ದ ಮನೆಯ ಕ್ಯಾಮರಾ ಮೊದಲಾದ ಯಂತ್ರಗಳಿಗೆ, ಕಾರ್ಖಾನೆಯಲ್ಲಿ ಇಟ್ಟು ಯಾರೂ ಬದಲಿಸದ ಗುಪ್ತಪದಗಳನ್ನೇ ಹೇಳಿ, ಟೆಲ್ನೆಟ್ ಎಂಬ ಆಜ್ಞಾದ್ವಾರದಿಂದಲೇ ಒಳಹೊಕ್ಕಿತು. ಅವು ಲಿನಕ್ಸಿನ ಯಂತ್ರಗಳು, ಕಾಲನಿಷ್ಠ ವ್ಯವಸ್ಥೆಯವಲ್ಲ. ದ್ವಾರದ ದೋಷವು ಮಾತ್ರ ಎರಡಕ್ಕೂ ಸಾಧಾರಣ. ಮಟ್ಟವನ್ನು ಹೇಳುವ ಆಜ್ಞೆಯನ್ನು ಉಳಿಸಿ, ಸ್ಮೃತಿಯ ಯಾವ ಮೂಲೆಯನ್ನಾದರೂ ಬರೆಯಬಲ್ಲ ಆಜ್ಞೆಯನ್ನು ತೆಗೆಯುವುದು ವಿವೇಕ. ಝೆಫಿರ್‌ನಲ್ಲಿ ಒಂದು ಷರತ್ತು ನಿಂತರೆ ಮಾತ್ರ ಆಜ್ಞೆಯನ್ನು ಗಣಕ್ಕೆ ಸೇರಿಸುವ ಸಂಕ್ಷೇಪಸೂತ್ರವೂ ಇದೆ. ಪರೀಕ್ಷೆಯ ಯಂತ್ರಕ್ಕೂ ಕೆರೆಯೇರಿಯ ಯಂತ್ರಕ್ಕೂ ಒಂದೇ ಪಾಠವನ್ನಿಟ್ಟುಕೊಂಡು ಎರಡನೆಯದರಲ್ಲಿ ಅಪಾಯಕರವಾದ ಆಜ್ಞೆಗಳು ಹುಟ್ಟದಂತೆ ಮಾಡಲು ಇದರಿಂದ ಸಾಧ್ಯ. ಕಟ್ಟಿನಲ್ಲಿ ಸೇರದ ಆಜ್ಞೆಗೆ ಗುಪ್ತಪದದ ಕಾವಲೂ ಬೇಡ.

ಕೊನೆಯದಾಗಿ ನಾಮಕರಣದ ವಿಚಾರ. ಆಜ್ಞೆಗಳಿಗೆ ಕನ್ನಡದ ಧಾತುಗಳು ಒದಗುವಷ್ಟು ಸಹಜವಾಗಿ ಬೇರೆ ಪದಗಳು ಒದಗಲಾರವು. ಕನ್ನಡದಲ್ಲಿ ಧಾತುವೇ ಯಾವ ಪ್ರತ್ಯಯವನ್ನೂ ಕೇಳದೆ ಮಧ್ಯಮಪುರುಷೈಕವಚನದ ವಿಧಿಯಾಗಿ ನಿಲ್ಲುವುದು: ಓದು, ಬರೆ, ಮುಚ್ಚು, ನಿಲ್ಲು. ಬರು, ತರು ಎಂಬಿವು ಬಾ, ತಾ ಎಂದಾಗುವಂಥ ಕೆಲವು ಅಪವಾದಗಳನ್ನು ಬಿಟ್ಟರೆ ಧಾತುಪಾಠವೇ ಆಜ್ಞಾಪಾಠ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಧಾತುಪ್ರಕರಣವನ್ನು ಬೇರೆಯಾಗಿಯೇ ನಡೆಸಿದ್ದಾನೆ. ಅಲ್ಲಿಂದ ನೂರಾರು ಆಜ್ಞೆಗಳನ್ನು ಆಯಬಹುದು. ಯಂತ್ರಕ್ಕೆ ಬಹುವಚನದ ಗೌರವವನ್ನು ಸಲ್ಲಿಸಬೇಕೆಂಬ ಹಠವಿಲ್ಲದಿದ್ದರೆ ಸರಿ.

ತೊಡಕಿರುವುದು ಲಿಪಿಯಲ್ಲಿ. ಇಂದಿನ ಯೂನಿಕೋಡ್ ಸಂಕೇತವನ್ನು ಯಂತ್ರಗಳ ನಡುವೆ ಸಾಗಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ವರ್ಣಚಿಹ್ನೆಗೂ ಮೂರು ಬೈಟು. ‘ಕೆರೆ’ ಎಂಬುದು ಕಣ್ಣಿಗೆ ಎರಡಕ್ಷರ. ಯಂತ್ರಕ್ಕೆ ಕಕಾರ, ಎತ್ವ, ರಕಾರ, ಎತ್ವ ಎಂದು ನಾಲ್ಕು ಚಿಹ್ನೆ, ಹನ್ನೆರಡು ಬೈಟು. ‘ಕ್ಷ’ ಎಂಬ ಒಂದೇ ಅಕ್ಷರಕ್ಕೆ ಒಂಬತ್ತು. ಅಕ್ಷರವೊಂದಕ್ಕೆ ಬೈಟೊಂದು ಎಂದು ಎಣಿಸುವ ಷೆಲ್ಲಿನಲ್ಲಿ ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದರೆ ಅಕ್ಷರದ ಮೂರರಲ್ಲೊಂದು ಪಾಲು ಅಳಿದು ಉಳಿದುದು ಅನರ್ಥವಾಗುವುದು. ಝೆಫಿರ್‌ನ ಷೆಲ್ಲಿನಲ್ಲಿ 127ನ್ನು ಮೀರಿದ ಸಂಕೇತಗಳನ್ನು ಒಳಕ್ಕೇ ಬಿಡದ ಶೋಧನೆಯೊಂದಿದೆ. ಮೂಲಾಜ್ಞೆಯ ಹೆಸರು ಸಿ ಭಾಷೆಯ ನಾಮಪದವಾಗಲು ತಕ್ಕುದಾಗಿರಬೇಕೆಂಬ ನಿರ್ಬಂಧವೂ ಇದಕ್ಕೆ ಸೇರುವುದು. ಆದುದರಿಂದ ಸದ್ಯಕ್ಕೆ ಹೆಸರನ್ನು ರೋಮನ್ ಲಿಪಿಯಲ್ಲಿ ಇಡುವುದು ಅನಿವಾರ್ಯ. ಉತ್ತರವಾಕ್ಯಕ್ಕೂ ಸಹಾಯವಾಕ್ಯಕ್ಕೂ ಈ ತಡೆಯಿಲ್ಲ. ಷೆಲ್ ಅವನ್ನು ಬಿಡಿಸಿ ನೋಡದೆ ಬೈಟುಗಳಾಗಿಯೇ ಹೊರಕ್ಕೆ ಸಾಗಿಸುವುದು, ಎದುರಿನ ಗಣಕಕ್ಕೆ ಕನ್ನಡ ತಿಳಿದಿದ್ದರೆ ಕನ್ನಡವಾಗಿ ಕಾಣುವುದು. ಹೆಸರು ರೋಮನ್ನಿನಲ್ಲಿದೆಯೆಂಬ ನೆವದಿಂದ ಸಹಾಯವಾಕ್ಯವನ್ನೂ ಇಂಗ್ಲಿಷಿನಲ್ಲಿಯೇ ಬರೆಯುವುದಕ್ಕೆ ಆಲಸ್ಯವಲ್ಲದೆ ಬೇರೆ ಕಾರಣವು ಕಾಣದು. ಕೆರೆಯ ಏರಿಯ ಮೇಲೆ ರಾತ್ರಿ ನಿಂತು ಪೆಟ್ಟಿಗೆಯನ್ನು ಕೇಳುವವನು ಇಂಗ್ಲಿಷನ್ನು ಓದಿದವನೇ ಆಗಿರಬೇಕೆಂಬ ನಿಯಮವಿಲ್ಲ.

ರೋಮನ್ ಲಿಪಿಯಲ್ಲಿ ಹ್ರಸ್ವದೀರ್ಘಗಳು ಅಳಿದುಹೋಗುವುದರಿಂದ ಹೆಸರನ್ನು ಆಯುವಾಗ ಎಚ್ಚರಬೇಕು. ಕೆರೆಯ ಹೆಚ್ಚುನೀರು ಹೊರಗೆ ಹರಿಯುವ ಕೋಡಿಯ ಸ್ಥಿತಿಯನ್ನು ಕೇಳಲು ‘ಕೋಡಿ’ ಎಂಬ ಉಪಾಜ್ಞೆಯನ್ನಿಟ್ಟರೆ, ಅದೂ ‘ಕೊಡಿ’ ಎಂಬುದೂ ರೋಮನ್ನಿನಲ್ಲಿ ಒಂದೇ ನಾಲ್ಕಕ್ಷರಗಳಾಗುವುವು. ‘ನೀರು ಕೊಡಿ’ ಎಂಬರ್ಥದಲ್ಲಿ ಯಾರಾದರೂ ಅದನ್ನು ಒತ್ತಿದರೆ ಆಶ್ಚರ್ಯವಿಲ್ಲ. ‘ತೆರೆ’ ಎಂಬುದು ಬಾಗಿಲನ್ನು ತೆರೆಯೆಂಬ ಧಾತುವೂ ಹೌದು, ನೀರಿನ ಅಲೆಯ ಹೆಸರೂ ಹೌದು. ಅಲೆಯ ಎತ್ತರವನ್ನು ಅಳೆಯುವ ಯಂತ್ರದಲ್ಲಿ ಇದು ಸಂದೇಹಕ್ಕೆ ಎಡೆ. ಪ್ರಕರಣದಿಂದ ಅರ್ಥನಿಶ್ಚಯವಾಗುವುದೆಂಬ ಶಾಬ್ದಿಕರ ಮತವು ಇಲ್ಲಿ ನೆರವಿಗೆ ಬರುವುದು: ‘ತೂಬು ತೆರೆ’ ಎಂದು ಉಪಾಜ್ಞೆಯ ಕೆಳಗೆ ಮತ್ತೊಂದು ಉಪಾಜ್ಞೆಯಾಗಿಟ್ಟರೆ ಅಲೆಯೆಂಬ ಅರ್ಥಕ್ಕೆ ಅವಕಾಶವಿರದು. ಕೋಡಿಗೆ ಮಾತ್ರ, ಒಕಾರವನ್ನು ಎರಡು ಸಲ ಬರೆದು ದೀರ್ಘವನ್ನು ತೋರಿಸುವುದೇ ಮೇಲು. ಆಗ ಹೆಸರು ಐದಕ್ಷರವಾಗುವುದು, ಮೊದಲೆರಡನ್ನು ಒತ್ತಿ ಟ್ಯಾಬ್ ಕೀಲಿಯನ್ನು ಮುಟ್ಟಿದರೆ ಉಳಿದುದನ್ನು ಷೆಲ್ ತಾನೇ ಪೂರೈಸುವುದು.